ಲಲಿತಾಳ ನೀಲಿ ಗ್ಲೌಸು

ಕಂಪ್ಲಿ ಬಸ್ ನಿಲ್ದಾಣದ ಎದುರಿಗೆ, ಮೆಡಿಕಲ್ ಶಾಪಿನ ಮಹಡಿಯ ಮೇಲೆ ಲಲಿತಾಳ ಬ್ಯೂಟಿ ಪಾರ್ಲರ್ ಇದೆ. ಗಾದಿಗನೂರಿನ ಹುಡುಗಿ, ಹೊಸಪೇಟೆಯಲ್ಲಿ ಕೆಲಸ ಕಲಿತು, ಮದುವೆಯಾಗಿ ನಮ್ಮೂರಿಗೆ ಬಂದವಳು. ಹನ್ನೆರಡು ವರ್ಷಗಳಿಂದ ನನ್ನ ಬಿಳಿಗೂದಲು ಊರವರ ಕಣ್ಣಿಗೆ ಬೀಳದಂತೆ ಕಾಪಾಡಿದವಳು ಅವಳೇ. ನಾನು ಚೆನ್ನಬಸಮ್ಮ, ಅಕ್ಕಿ ಗಿರಣಿಯ ಮನೆಯವಳು. ವಯಸ್ಸು ಅರವತ್ಮೂರು, ಸಿಟ್ಟು ಮೂಗಿನ ತುದಿಯಲ್ಲೇ. ಹದಿನೈದು ದಿನಕ್ಕೊಮ್ಮೆ ಆ ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲಿಗೂ ಬೈಯುತ್ತೇನೆ, ಮಹಡಿ ಕಟ್ಟಿಸಿದವನಿಗೂ ಬೈಯುತ್ತೇನೆ. ನನ್ನ ಬೈಗುಳ ಕೇಳಿ ನಗುವವಳು ಲಲಿತಾ ಒಬ್ಬಳೇ.

ಅವಳದೊಂದು ಪದ್ಧತಿಯಿತ್ತು. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಯಾರಾದರೂ ಹೆದರಿದರೆ, ಕಲಸಿದ ಬಣ್ಣವನ್ನು ಮೊದಲು ತನ್ನ ಮುಂಗೈಗೇ ಬಳಿದುಕೊಂಡು ತೋರಿಸುತ್ತಿದ್ದಳು. "ನೋಡ್ರಿ, ನನಗೇನರ ಆತೇನು? ಸುಮ್ನ ಕುಂದ್ರಿ" ಅನ್ನುತ್ತಿದ್ದಳು. ಆಮೇಲೆ ಬರಿಗೈಯಿಂದಲೇ ಕೂದಲ ಬುಡಕ್ಕೆ ಹಚ್ಚುವುದು. ನಮಗೆಲ್ಲ ಅದೇ ಭರವಸೆ. ಅವಳ ಚರ್ಮಕ್ಕೆ ಒಗ್ಗಿದ್ದು ನಮಗೆ ಒಗ್ಗದೇ ಹೋಗಬಹುದು ಎಂದಾಗಲಿ, ದಿನಾ ಹೀಗೆ ಬಳಿದುಕೊಂಡರೆ ಅವಳ ಚರ್ಮದ ಗತಿಯೇನು ಎಂದಾಗಲಿ ಯಾರಿಗೂ ಹೊಳೆಯಲಿಲ್ಲ.

ಹೋದ ವರ್ಷ ಅವಳ ಕೈ ಕೆಟ್ಟಿತು. ಬೆರಳ ಸಂದಿಯಲ್ಲಿ ತುರಿಕೆ, ಅಂಗೈ ಬಿರುಕು ಬಿಟ್ಟು ರಕ್ತ. ಹೊಸಪೇಟೆಯ ಚರ್ಮದ ಡಾಕ್ಟರು ಕೈ ನೋಡಿ, ಈ ಬಣ್ಣ ಇನ್ನು ಬರಿಗೈಗೆ ತಾಗಲೇಬಾರದು, ಗ್ಲೌಸ್ ಹಾಕಿಕೊಂಡು ಕೆಲಸ ಮಾಡಲು ಆಗದಿದ್ದರೆ ಪಾರ್ಲರ್ ಮುಚ್ಚಿಬಿಡು ಎಂದರಂತೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದವಳಿಗೆ ಹೇಗೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಕನ್ನಡಿಯಲ್ಲಿ ನಾನು ನನ್ನ ಮುಖವನ್ನಷ್ಟೇ ನೋಡಿಕೊಳ್ಳುತ್ತಿದ್ದೆ.

ಮೊಮ್ಮಗಳು ಪೂಜಿತಾಳ ನಿಶ್ಚಿತಾರ್ಥಕ್ಕೆ ಎರಡು ದಿನ ಇದೆ ಅನ್ನುವಾಗ ಪಾರ್ಲರಿಗೆ ಹೋದೆ. ನನ್ನ ಹಿಂದೆ ಬೇರೆ ಗಿರಣಿ ಮನೆಗಳ ಮೂವರು ಹೆಂಗಸರು ಕೂತಿದ್ದರು. ಲಲಿತಾ ನೀಲಿ ರಬ್ಬರಿನ ಗ್ಲೌಸ್ ಹಾಕಿಕೊಂಡು ಬಂದಳು. ನನ್ನ ಪಿತ್ತ ನೆತ್ತಿಗೇರಿತು.

"ಏನವಾ, ನನ್ನ ತಲಿ ಮುಟ್ಟಾಕ ನಿನಗ ಹೇಸಿಕಿ ಬಂತೇನು? ಸಂಡಾಸ ತೊಳಿಯೋರು ಹಾಕ್ಕೊಳ್ಳೋದು ಇದು!"

"ಹಂಗಲ್ಲ ಅಮ್ಮಾರೇ, ನನ್ನ ಕೈಗೆ..."

ಮುಗಿಸಲು ಬಿಡಲೇ ಇಲ್ಲ. ಎದ್ದು ಮೆಟ್ಟಿಲಿಳಿದೆ. ನಾನು ಎದ್ದರೆ ಏಳುವ, ಕೂತರೆ ಕೂರುವ ಆ ಮೂವರೂ ನನ್ನ ಬೆನ್ನಿಗೇ ಇಳಿದರು. ಪಾರ್ಲರ್ ಖಾಲಿಯಾಯಿತು.

ಅಂಗಡಿಯಿಂದ ಬಣ್ಣದ ಪ್ಯಾಕೆಟ್ ತರಿಸಿ, ಪಾರ್ಲರಿನಲ್ಲಿ ಅಂದು ಬಂದದ್ದನ್ನೆಲ್ಲ ಹೇಳಿ, ಮನೆಯಲ್ಲೇ ಹಚ್ಚು ಎಂದು ಪೂಜಿತಾಳ ಮುಂದೆ ಕೂತೆ. ಹನ್ನೆರಡು ವರ್ಷದಲ್ಲಿ ನಾನು ಆ ಪ್ಯಾಕೆಟ್ ಬಿಚ್ಚಿದವಳೇ ಅಲ್ಲ. ಅವಳು ಬಿಚ್ಚಿದಳು. ಒಳಗಿನಿಂದ ಪುಡಿಯ ಜೊತೆ ಒಂದು ಜೊತೆ ಪ್ಲಾಸ್ಟಿಕ್ ಗ್ಲೌಸ್ ಬಿತ್ತು.

"ಅಜ್ಜಿ, ನಿನ್ನ ತಲಿ ಕಂಡರ ಈ ಕಂಪನಿಯವರಿಗೂ ಹೇಸಿಕಿ ನೋಡು!" ಎಂದು ಬಿದ್ದು ಬಿದ್ದು ನಕ್ಕಳು. ಮಡಚಿಟ್ಟಿದ್ದ ಚೀಟಿಯನ್ನೂ ಓದಿದಳು: ಹಚ್ಚುವವರು ಗ್ಲೌಸ್ ಹಾಕಬೇಕು, ಪ್ರತಿ ಸಲವೂ ಎರಡು ದಿನ ಮೊದಲು, ಹಚ್ಚಿಸಿಕೊಳ್ಳುವವರ ಕಿವಿಯ ಹಿಂದೆ ಸ್ವಲ್ಪ ಬಳಿದು ನೋಡಬೇಕು. "ಲಲಿತಕ್ಕನ ಕೈ ಹೆಂಗ ಬಿರಿದಾವ, ನೋಡೀಯೇನು?" ಎಂದು ಕೇಳಿದಳು. ಪ್ಯಾಕೆಟ್ ಹಾಗೇ ಕಟ್ಟಿಡು ಎಂದು ಎದ್ದೆ.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿದೆ, ಯಾರಿಗೂ ಬೈಯದೆ. ಲಲಿತಾ ಒಬ್ಬಳೇ ಇದ್ದಳು.

"ಕೈ ತೋರ್ಸು."

ತೋರಿಸಿದಳು. ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ನಾಚಿಕೆಯಿಂದ ನನ್ನ ಮುಖ ಸುಟ್ಟಿತು.

"ಬಾಗಲಾ ಹಾಕೋದು ಅಂತ ಮಾಡೀನ್ರಿ ಅಮ್ಮಾರೇ," ಎಂದಳು. "ನೀವ ಎದ್ದು ಹೋದ್ರ ಇನ್ಯಾರು ಬರ್ತಾರ?"

"ಬಾಯಿ ಮುಚ್ಚು. ಆ ನೀಲೀವು ಎಲ್ಲದಾವ?"

ನಾನೇ ಹುಡುಕಿ ತಂದು, ಎಳೆಗೂಸಿಗೆ ಬಳೆ ತೊಡಿಸುವ ಹಾಗೆ ಒಂದೊಂದೇ ಬೆರಳು ಸೇರಿಸಿ ಹಾಕಿದೆ. ಆಮೇಲೆ ಕಿವಿ ಮಡಚಿ ಕೊಟ್ಟು, ಹಿಂದೆ ಬಳಿ ಎಂದೆ.

"ನಿಮಗ ಹನ್ನೆರಡು ವರ್ಷದಿಂದ ಒಗ್ಗೇತಿ, ಬ್ಯಾಡ ಬಿಡ್ರಿ. ನಾಳೆ ನಿಶ್ಚಿತಾರ್ಥ, ತಲಿ ಬೆಳ್ಳಗೈತಿ!"

"ಚೀಟಿಯಾಗ ಬರದಾರ. ಬಳಿ."

ಹಾಗಾಗಿ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಬಿಳಿಯ ಬೈತಲೆ ಹೊತ್ತು ಹೋದೆ. ಬೀಗರ ಕಡೆಯವರು ಪಿಸುಗುಟ್ಟಿದರು. ಎಲೆ ಮುಂದೆ ಕೂತವರಿಗೆಲ್ಲ ಕೇಳಲಿ ಎಂದೇ ದನಿ ಎತ್ತಿದೆ. "ಲಲಿತಾ ನನ್ನ ಕಿವಿ ಹಿಂದ ಹಚ್ಚಿ ಪರೀಕ್ಷೆ ಇಟ್ಟಾಳ. ಗ್ಲೌಸ್ ಇಲ್ದ, ಪರೀಕ್ಷೆ ಇಲ್ದ ಬಣ್ಣ ಹಚ್ಚಿಸಿಗೊಳ್ಳೋ ಹೆಂಗಸು ನಾನಲ್ಲ!" ಪೂಜಿತಾ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಜೊತೆ ಮೆಟ್ಟಿಲಿಳಿದಿದ್ದ ಮೂವರೂ ಅಲ್ಲೇ ಹೋಳಿಗೆ ತಿನ್ನುತ್ತಾ ಕೇಳಿಸಿಕೊಂಡರು.

ಸೋಮವಾರ ಹೋದರೆ ಪಾರ್ಲರಿನಲ್ಲಿ ಕೂರಲು ಜಾಗವಿಲ್ಲ. ಹೆಂಗಸರೆಲ್ಲ ಕಿವಿ ಮಡಚಿಕೊಂಡು ಕೂತಿದ್ದಾರೆ. ಲಲಿತಾ ನೀಲಿ ಕೈಯಲ್ಲಿ ಒಬ್ಬೊಬ್ಬರಿಗೇ ಬಳಿಯುತ್ತಾ, "ಬುಧವಾರ ಬರ್ರಿ" ಎಂದು ಕಳಿಸುತ್ತಿದ್ದಾಳೆ.

ನಾಲ್ಕು ತಿಂಗಳ ನಂತರ ಒಂದು ದಿನ ಕೆಲಸ ಮುಗಿಸಿ, ಗ್ಲೌಸ್ ತೆಗೆದಿಟ್ಟು, ಬರಿಯ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿದಳು. ಮೆತ್ತಗಿತ್ತು. ಮುದುಕಿಯನ್ನು ಅಳಿಸುತ್ತೀಯಾ ಎಂದು ಚೆನ್ನಾಗಿ ಬೈದೆ.