ಬ್ರೀಡಮ್ಮನ ಬಾಗಿಲಿಗೊಂದು ಸ್ನೋಬ್ಲೋವರ್

ನಾನು ಸ್ಕೂಲು ಬಿಟ್ಟಿದ್ದು ೧೯೮೭ರಲ್ಲಿ, ಎಂಟನೇ ಕ್ಲಾಸು ಮುಗಿಯುವ ಮೊದಲೇ. ಫೇಲಾಗಿ ಬಿಟ್ಟವನಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಏನೋ ಅಂದುಕೊಳ್ಳುವುದು ಬೇಡ. ತಿಪಟೂರಿನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಬಿಟ್ಟೆ. ಮೊದಲ ದಿನವೇ ಪೆಟ್ರೋಲು, ಗ್ರೀಸು, ಸುಟ್ಟ ಆಯಿಲು ಎಲ್ಲ ಸೇರಿದ ಒಂದು ವಾಸನೆ ಅಂಗಿಗೆ ಹತ್ತಿತು. ಅಂಗಿಗಳು ಎಷ್ಟೋ ಬದಲಾದವು, ದೇಶವೇ ಬದಲಾಯಿತು, ಆ ವಾಸನೆ ಮಾತ್ರ ಜೊತೆಗೇ ಬಂತು. ಇವತ್ತು ಬೆಳಿಗ್ಗೆ ಹಿತ್ತಲಿನ ಶೆಡ್ಡಿನ ಬಾಗಿಲು ತೆಗೆದಾಗ ಅದೇ ಮುಖಕ್ಕೆ ಬಡಿಯಿತು. ಆದರೆ ಇವತ್ತು ಅದರ ಜೊತೆ ಇನ್ನೊಂದು ಬೆರೆತಿತ್ತು. ಹೊರಗೆ ಹಿಮ ಬಿದ್ದಿತ್ತು. ಹಿಮಕ್ಕೆ ವಾಸನೆಯೇ ಇಲ್ಲ ಅನ್ನುವವರು ಅದಕ್ಕಾಗಿ ನನ್ನಷ್ಟು ವರ್ಷ ಕಾದು ನೋಡಲಿ.

ಕಾದದ್ದು ಯಾಕೆ ಅಂದರೆ, ನನ್ನ ಹತ್ತಿರ ಒಂದು ಸ್ನೋಬ್ಲೋವರ್ ಇದೆ, ದಾರಿಯ ಹಿಮ ತೆಗೆದು ಎಸೆಯುವ ಮಷಿನ್ನು. ಹೌದು, ಹಿಮ ಅಪರೂಪಕ್ಕೆ ಬೀಳುವ ಐರ್ಲೆಂಡಿನಲ್ಲಿ. ನಗುವುದಿದ್ದರೆ ನಗಿ. ಎಲ್ಲರೂ ನಕ್ಕಿದ್ದಾರೆ.

ನಾವಿರುವುದು ಡನ್‌ಡಾಕ್‌ನಿಂದ ಸ್ವಲ್ಪ ಆಚೆ, ಗುಡ್ಡ ಹತ್ತುವ ಒಂದು ಓಣಿಯಲ್ಲಿ. ಓಣಿಗೆ ಎರಡೇ ಮನೆ. ಕೆಳಗಿನದು ನಮ್ಮದು, ಮೇಲೆ ಕೊನೆಯಲ್ಲಿರುವುದು ಬ್ರೀಡಮ್ಮನದು. ಅವರ ಹೆಸರು ಬ್ರೀಡಾ. ನಮ್ಮ ತಾಯಿಯ ವಯಸ್ಸಿನವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ, 'ಅಮ್ಮ' ಸೇರಿಸಿದೆ. "ಅದೇನದು, ನನ್ನ ಹೆಸರಿಗೆ ಬಾಲ?" ಅಂತ ಕೇಳಿದರು. ನಮ್ಮ ಕಡೆ ದೊಡ್ಡವರಿಗೆ ಹಾಗೆ ಅನ್ನುತ್ತೇವೆ ಅಂದೆ. "ಗ್ರ್ಯಾಂಡ್. ಇರಲಿ ಬಿಡು" ಅಂದರು. ನನ್ನ ಹೆಂಡತಿ ಕಮಲ ಆಸ್ಪತ್ರೆಯಲ್ಲಿ ನರ್ಸು. ಅವಳ ಕೆಲಸದ ಹಿಂದೆ ಈ ದೇಶಕ್ಕೆ ಬಂದವನು ನಾನು. ಬಂದ ತಿಂಗಳಲ್ಲೇ ಟ್ರ್ಯಾಕ್ಟರು, ಹುಲ್ಲು ಕತ್ತರಿಸುವ ಮಷಿನ್ನು ರಿಪೇರಿ ಮಾಡುವ ಯಾರ್ಡು ಸೇರಿಕೊಂಡೆ. ಕೂತು ಉಂಡವನಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಒಂದು ವರ್ಷ ದೊಡ್ಡ ಹಿಮ ಬಿತ್ತು. ಆಗ ಬ್ರೀಡಮ್ಮನ ಗಂಡ ಜೋ ಆಸ್ಪತ್ರೆಯಲ್ಲಿದ್ದರು, ಕಮಲಳ ವಾರ್ಡಿನಲ್ಲೇ. ಬ್ರೀಡಮ್ಮ ಬಟ್ಟೆ ಬದಲಿಸಲು ಅಂತ ಮನೆಗೆ ಬಂದವರು ಸಿಕ್ಕಿಬಿದ್ದರು. ಗಾಳಿ ಗುಡ್ಡದ ಹಿಮವನ್ನೆಲ್ಲ ತಂದು ಓಣಿಗೆ ತುಂಬಿತ್ತು. ಎರಡು ಬದಿಯ ಬೇಲಿ ಎಲ್ಲಿ, ದಾರಿ ಎಲ್ಲಿ ಗೊತ್ತಾಗುತ್ತಿರಲಿಲ್ಲ. ನಾನು ಕಲ್ಲಿದ್ದಲು ತುಂಬುವ ಸಲಿಕೆ ಹಿಡಿದು ಕೆಳಗಿನಿಂದ ಅಗೆಯುತ್ತಾ ಹೋದೆ. ಅಗೆದಷ್ಟೂ ಹಿಂದೆ ತುಂಬಿಕೊಳ್ಳುತ್ತಿತ್ತು. ಎರಡನೇ ದಿನ ಮಧ್ಯಾಹ್ನ ತಿರುವಿನವರೆಗೆ ಬಂದಿದ್ದೆ. ಅಲ್ಲಿಂದ ಅವರ ಅಡಿಗೆಮನೆಯ ಕಿಟಕಿ ಕಾಣುತ್ತದೆ. ಬ್ರೀಡಮ್ಮ ಫೋನು ಕಿವಿಗೆ ಹಿಡಿದು ನಿಂತಿದ್ದರು. ಆಮೇಲೆ ಅದನ್ನು ಕೆಳಗಿಟ್ಟರು. ನನ್ನ ಕಡೆ ನೋಡಿ, ಅಂಗೈ ಎತ್ತಿ ಮೆಲ್ಲಗೆ ಆಡಿಸಿದರು. ಸಾಕು, ನಿಲ್ಲಿಸು ಅನ್ನುವ ಹಾಗೆ. ಆ ಕಡೆ ಫೋನಿನಲ್ಲಿದ್ದವಳು ಕಮಲ. ಕೊನೆಯಲ್ಲಿ ಜೋ ಅವರ ಕೈ ಹಿಡಿದುಕೊಂಡಿದ್ದವಳೂ ಅವಳೇ.

ಜೋ ಅವರಿಗೆ ಮಣ್ಣು ಕೊಟ್ಟು ಬಂದ ದಿನ, ಅವರ ಮನೆಯಲ್ಲಿ ಸ್ಯಾಂಡ್‌ವಿಚ್ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: "ಬ್ರೀಡಮ್ಮ, ಮುಂದಿನ ಸಲ ನಿಮ್ಮ ಬಾಗಿಲಿನವರೆಗೂ ದಾರಿ ಮಾಡ್ತೀನಿ. ಮಾತು ಕೊಡ್ತಿದ್ದೀನಿ."

"ಮುಂದಿನ ಸಲ ಯಾರನ್ನು ನೋಡೋಕೆ ಹೋಗಲಪ್ಪ ನಾನು?"

"ಅಂಗಡಿಗೆ ಹೋಗಿ. ಹಾಲು ತನ್ನಿ."

ಅಷ್ಟು ದುಃಖದಲ್ಲೂ ಅವರಿಗೆ ನಗು ಬಂತು. ಆ ನಗುವನ್ನು ನಂಬಿಕೊಂಡು ಮಷಿನ್ನು ಕೊಳ್ಳಲು ಹೊರಟೆ.

ಐರ್ಲೆಂಡಿನ ಉತ್ತರದ ಗಡಿಯ ಆಚೆ ಒಬ್ಬ ವ್ಯಾಪಾರಿ ಹೊರದೇಶದಿಂದ ತರಿಸಿ ಕೊಡುತ್ತೇನೆ ಅಂದ. ಬಟನ್ ಒತ್ತಿದರೆ ಸ್ಟಾರ್ಟ್ ಆಗುವುದು ಬೇಕೋ, ಹಗ್ಗ ಎಳೆಯುವುದೋ ಅಂದ. ಹಗ್ಗವೇ ಇರಲಿ ಅಂದೆ. ಬಟನ್ ಒತ್ತುವುದಕ್ಕೆ ನಾನೇ ಆಗಬೇಕೆ? ಬಂತು ನೋಡಿ, ಕೆಂಪು ಬಣ್ಣ, ಎಳೇ ಕರುವಿನಷ್ಟು ಎತ್ತರ. ಮುಂದುಗಡೆ ಅಗಲವಾದ ಬಾಯಿ, ಬಾಯೊಳಗೆ ತಿರುಪಿನ ಹಾಗೆ ಸುತ್ತುವ ಕಬ್ಬಿಣದ ಹಲ್ಲು, ಮೇಲೆ ಆನೆಯ ಸೊಂಡಿಲಿನಂಥ ಕೊಳವೆ. ಬಾಯಿಗೆ ಸಿಕ್ಕಿದ ಹಿಮ ಸೊಂಡಿಲಿನಿಂದ ಬೇಲಿಯ ಆಚೆ ಹಾರಬೇಕು. ನಮ್ಮ ಕನ್ನಡದವರು ಸೇರಿದ್ದ ಒಂದು ಊಟದಲ್ಲಿ ಲೆಪರ್ಡ್ಸ್‌ಟೌನ್ ಕಡೆಯ ಡಾಕ್ಟರೊಬ್ಬರು ನನ್ನ ಬೆನ್ನು ತಟ್ಟಿ, "ಏನ್ ಗುರೂ, ರಾಜಸ್ಥಾನದಲ್ಲಿ ದೋಣಿ ಕೊಂಡ್ಕೊಂಡಂಗಾಯ್ತಲ್ಲ!" ಅಂದರು. "ಸಾರ್, ಮಳೆ ಬಂದಾಗ ನಿಮ್ಮನ್ನೂ ಹತ್ತಿಸ್ಕೋತೀನಿ ಬಿಡಿ" ಅಂದೆ. ಅಂದೆ ನಿಜ, ಚಿತ್ರಾನ್ನ ಮಾತ್ರ ಆಮೇಲೆ ಅಷ್ಟು ರುಚಿಸಲಿಲ್ಲ.

ಆ ವರ್ಷದ ಆಯುಧಪೂಜೆಗೆ ಮಷಿನ್ನನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದೆವು. ವಿಭೂತಿ, ಕುಂಕುಮ, ಸೂಪರ್‌ಮಾರ್ಕೆಟ್ಟಿನ ಕುಂಡದಿಂದ ಕಿತ್ತ ಸೇವಂತಿಗೆ. ಬೂದುಗುಂಬಳ ಸಿಗದೆ, ಹ್ಯಾಲೋವೀನ್‌ಗೆಂದು ಮಾರುವ ಕಿತ್ತಳೆ ಬಣ್ಣದ ಕುಂಬಳಕಾಯಿಗೇ ಕುಂಕುಮ ತುಂಬಿ ಒಡೆದೆ. ಬ್ರೀಡಮ್ಮ ಕುರ್ಚಿ ಹಾಕಿಸಿಕೊಂಡು ಚಹಾ ಹಿಡಿದು ಕೂತಿದ್ದರು.

"ಒಳ್ಳೇ ಕುಂಬಳಕಾಯಿ. ಯಾಕೆ ಒಡೆದೆ?"

"ಕೆಟ್ಟ ದೃಷ್ಟಿ ಹೋಗ್ಲಿ ಅಂತ."

"ಈ ಓಣಿಯಲ್ಲಿ ನೋಡೋಳು ನಾನೊಬ್ಬಳೇ."

ಕಮಲ ಕಾರಿಗೆ ಇಡುವ ಅಭ್ಯಾಸದಲ್ಲಿ ನಿಂಬೆಹಣ್ಣನ್ನು ಮುಂದೆ ಇಟ್ಟಳು. ನಾನೂ ನೋಡಲಿಲ್ಲ. ನಮ್ಮ ಗಾಡಿಗಳಿಗೆಲ್ಲ ಮುಂದೆ ಇರುವುದು ಚಕ್ರ. ಇದಕ್ಕೆ ಮುಂದೆ ಇರುವುದು ಬಾಯಿ. ಹಗ್ಗ ಎಳೆದೆ, ಹಿಡಿ ಒತ್ತಿದೆ, ಮಷಿನ್ನು ತನ್ನ ಜನ್ಮದ ಮೊದಲ ತುತ್ತಾಗಿ ಆ ನಿಂಬೆಹಣ್ಣನ್ನು ನುಂಗಿ ಸೊಂಡಿಲಿನಿಂದ ಉಗಿಯಿತು. ಅರ್ಧ ಹೋಳು ಬ್ರೀಡಮ್ಮನ ಕಾಲ ಬಳಿ ಬಂದು ಬಿತ್ತು. ಕಮಲ ಬಾಯಿಗೆ ಸೆರಗು ಅಡ್ಡ ಹಿಡಿದಳು. ಬ್ರೀಡಮ್ಮ ಬಗ್ಗಿ ಹೋಳು ಎತ್ತಿಕೊಂಡು, "ನಾನು ಚಹಾಗೆ ಹಾಲು ಹಾಕೋಳು. ನಿಂಬೆ ಬೇಡ ಅಂತ ನಿನ್ನ ಮಷಿನ್‌ಗೆ ಹೇಳು" ಅಂದರು. ಹೋಳನ್ನು ಮಾತ್ರ ಬಿಸಾಡಲಿಲ್ಲ. ಬೀಜ ಬಿಡಿಸಿ ಮೊಸರಿನ ಡಬ್ಬಿಯಲ್ಲಿ ನೆಟ್ಟು ಕಿಟಕಿಯಲ್ಲಿಟ್ಟರು.

ಆಮೇಲೆ ಹಿಮ ಬರಲಿಲ್ಲ. ಬಂದರೂ ಹಪ್ಪಳದ ಮೇಲಿನ ಉಪ್ಪಿನಷ್ಟು. ತಿಂಡಿ ಮುಗಿಯುವುದರೊಳಗೆ ಮಾಯ. ಆದರೆ ಮಷಿನ್ನಿಗೆ ಅದೆಲ್ಲ ಗೊತ್ತಿಲ್ಲವಲ್ಲ, ಅದನ್ನು ಸುಮ್ಮನೆ ನಿಲ್ಲಿಸಿದರೆ ಕೆಡುತ್ತದೆ. ಬೇಸಿಗೆಗೆ ಮೊದಲು ಪೆಟ್ರೋಲು ಇಳಿಸಬೇಕು, ಇಲ್ಲದಿದ್ದರೆ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಆಯಿಲು ಬದಲಿಸಬೇಕು, ಬೆಲ್ಟು ನೋಡಬೇಕು. ಹಲ್ಲಿನ ದಂಡಕ್ಕೆ ಒಂದು ಪಿನ್ನು ಇರುತ್ತದೆ, ಬೇಕಂತಲೇ ಮೆತ್ತನೆಯದು. ಕಲ್ಲು ಸಿಕ್ಕಿದರೆ ಅದು ಮುರಿದುಕೊಂಡು ಒಳಗಿನ ಗೇರನ್ನು ಉಳಿಸುತ್ತದೆ. ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸುತ್ತಿದ್ದೆ. ಸದ್ದು ಕೇಳಿದ್ದೇ ಬ್ರೀಡಮ್ಮ ಬಿಸಿ ಬ್ರೆಡ್ಡು ಬಟ್ಟೆಯಲ್ಲಿ ಸುತ್ತಿಕೊಂಡು ಓಣಿ ಇಳಿದು ಬರುತ್ತಿದ್ದರು. ನೋಡನೋಡುತ್ತ ಕೋಲು ಹಿಡಿದರು. ಆಮೇಲೆ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುವುದು ಶುರುವಾಯಿತು. ನಾನು ಎಂಜಿನ್ನು ಆರಿಸದೆ, ಅವರು ಬಂದು ಮುಟ್ಟುವವರೆಗೂ ಓಡಿಸುತ್ತಲೇ ಇರುತ್ತಿದ್ದೆ. ಹತ್ತು ನಿಮಿಷ ಅರ್ಧ ಗಂಟೆಯಾಯಿತು.

"ನಾನು ಹಿಮ ಬೇಡ ಅಂತ ಬೇಡ್ಕೋತೀನಿ, ನೀನು ಬೇಕು ಅಂತ ಬೇಡ್ಕೋತೀಯ. ಮೇಲಿರೋನು ಏನು ಮಾಡಬೇಕು?" ಅನ್ನುತ್ತಿದ್ದರು.

"ಒಂದೇ ಒಂದು ದಿನ ಬೀಳ್ಲಿ ಬ್ರೀಡಮ್ಮ. ನಿಮ್ಮ ಬಾಗಿಲು ಮುಟ್ಟೋಷ್ಟು."

"ಹಾಗಾದ್ರೆ ನಾನೂ ಒಂದು ದಿನಕ್ಕೆ ಅಡ್ಡಿ ಇಲ್ಲ ಅಂತ ಹೇಳ್ತೀನಿ. ಒಂದೇ ದಿನ, ಗೊತ್ತಾಯ್ತಾ?"

ಕಳೆದ ಜೂನ್‌ನಲ್ಲಿ ಅವರು ಹೋದರು. ನಿದ್ದೆಯಲ್ಲೇ. ಓಣಿಯ ಎರಡೂ ಕಡೆ ಹೂ ಬಿಟ್ಟಿತ್ತು, ದಾರಿ ಒಣಗಿ ಬೆಳ್ಳಗಿತ್ತು. ಕಪ್ಪು ಗಾಡಿ ಒಂದು ಚೂರೂ ತಡೆಯಿಲ್ಲದೆ ಹತ್ತಿ ಹೋಗಿ, ಅವರನ್ನು ಕರೆದುಕೊಂಡು ಇಳಿದು ಬಂತು. ದಾರಿ ಎಷ್ಟು ಸಲೀಸಾಗಿತ್ತೆಂದರೆ ನನಗೆ ಅದರ ಮೇಲೆ ಸಿಟ್ಟು ಬಂತು. ಡಗ್ಲಸ್ ಊರಿನಿಂದ ಬಂದಿದ್ದ ಅವರ ತಂಗಿಯ ಮಗಳು ಮನೆಗೆ ಬೀಗ ಹಾಕಿ ಹೋಗುವಾಗ ಒಂದು ಕುಂಡ ತಂದು ಕೊಟ್ಟಳು. ಕೆಳಗಿನ ಮನೆಗೆ ಕೊಡು ಅಂದಿದ್ದರಂತೆ. ಮೊಣಕಾಲೆತ್ತರದ ನಿಂಬೆ ಗಿಡ, ಮೈತುಂಬ ಎಲೆ. ಹಣ್ಣು ಬಿಡುವ ಯೋಚನೆಯೇ ಅದಕ್ಕಿರಲಿಲ್ಲ.

ಮಷಿನ್ನು ಮಾರಿಬಿಡೋಣ ಅಂದಿದ್ದೆ. ಆದರೂ ನವೆಂಬರ್ ಬಂದಾಗ ಕೈ ತಾನಾಗಿ ಆಯಿಲು ಬದಲಿಸಿತು.

ಇವತ್ತು ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ಓಣಿ ಇರಲಿಲ್ಲ. ಬೂಟು ಹಾಕಿಕೊಂಡು ಹೊರಟಾಗ ಕಮಲ, "ಮೇನ್ ರೋಡ್ ಕಡೆ ತಾನೇ?" ಅಂದಳು.

"ಮೇಲ್ಗಡೆ."

"ಮೇಲೆ ಯಾರಿದ್ದಾರ್ರೀ?"

ಇಲ್ಲೇ ಬೆಳೆದ ನಮ್ಮ ಮಗಳು ಇಲ್ಲಿಯವರ ಧಾಟಿಯಲ್ಲಿ, "ಡ್ಯಾಡ್, ದೇರ್ಸ್ ನೋಬಡಿ ಅಪ್ ದೇರ್ ಲೈಕ್" ಅಂದಳು. ಕಮಲ ನನ್ನ ಮುಖ ನೋಡಿ ಅವಳ ಭುಜ ಹಿಡಿದು ಸುಮ್ಮನಾಗಿಸಿದಳು.

ಎರಡನೇ ಎಳೆತಕ್ಕೆ ಎಂಜಿನ್ನು ಹಿಡಿಯಿತು. ಏನು ಹೇಳಲಿ ನಿಮಗೆ, ಬೆಳ್ಳಗೆ ಕಮಾನು ಕಟ್ಟಿ ಹಿಮ ಬೇಲಿಯ ಆಚೆ ಹಾರುತ್ತಿತ್ತು. ಇಷ್ಟು ವರ್ಷ ಎಲ್ಲರೂ ನಕ್ಕ ಮಷಿನ್ನು ಬೆಣ್ಣೆಯಲ್ಲಿ ನಡೆದ ಹಾಗೆ ನಡೆಯಿತು. ತಿರುವು ಬಂತು. ಕಿಟಕಿ ನೋಡಿದೆ. ಯಾರೂ ಅಂಗೈ ಎತ್ತಲಿಲ್ಲ, ಹಾಗಾಗಿ ನಾನೂ ನಿಲ್ಲಿಸಲಿಲ್ಲ. ಅವರ ಮೆಟ್ಟಿಲಿನ ಹತ್ತಿರ ಹಿಮದಡಿಯ ಕಲ್ಲೊಂದು ತಗುಲಿ ಪಿನ್ನು ಟಕ್ ಅಂತ ಮುರಿಯಿತು. ಎಂಜಿನ್ನು ಆರಿಸಿ, ಅಲ್ಲೇ ಮಂಡಿಯೂರಿ ಹೊಸದು ಹಾಕಿದೆ. ಬೆರಳುಗಳಿಗೆ ಜೀವ ಇರಲಿಲ್ಲ. ಮತ್ತೆ ಹಗ್ಗ ಎಳೆದು, ಉಳಿದಷ್ಟನ್ನೂ ಬಾಗಿಲಿನವರೆಗೆ ತೆಗೆದೆ. ಅಲ್ಲಿ ಎಂಜಿನ್ನು ಆರಿಸದೆ ಸ್ವಲ್ಪ ಹೊತ್ತು ನಿಂತೆ. ಅಭ್ಯಾಸ.

ಈಗ ಮನೆಗೆ ಬಂದು ಕೂತಿದ್ದೇನೆ. ಸೂರು ತೊಟ್ಟಿಕ್ಕುತ್ತಿದೆ, ಮಧ್ಯಾಹ್ನಕ್ಕೆಲ್ಲ ಕರಗುತ್ತದೆ. ಒಂದೇ ದಿನ ಅಂದಿದ್ದರಲ್ಲ ಬ್ರೀಡಮ್ಮ. ನನ್ನ ಹತ್ತಿರ ಇರುವುದು ಇಷ್ಟು: ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಂದು ಮನೆ, ಕೆಲಸ ಮಾಡುವ ಒಂದು ಮಷಿನ್ನು, ಒಂದು ಮುರಿದ ಪಿನ್ನು, ಹಣ್ಣು ಬಿಡದ ಒಂದು ನಿಂಬೆ ಗಿಡ, ಬಾಗಿಲಿನವರೆಗೂ ಒಂದು ದಾರಿ.