ಕೊಬ್ಬಿನ ಕೋಟೆಯ ಪ್ರಭಾವತಿ ಮೇಡಂ

ಧಾರವಾಡವೆಲ್ಲ ಕೊಬ್ಬು ಕರಗಿಸಲು ಕೆಲಗೇರಿ ಕೆರೆಯ ದಂಡೆ ಸುತ್ತುವಾಗ, ನಮ್ಮ ಪ್ರಭಾವತಿ ಮೇಡಂ ಪ್ರಯೋಗಾಲಯದಲ್ಲಿ ಕೊಬ್ಬು ಬೆಳೆಸುತ್ತಿರುತ್ತಾರೆ. ಮನುಷ್ಯನ ಎಳೆಯ ಕೋಶ ಕೊಬ್ಬಿನ ಕೋಶವಾಗಬೇಕಾದರೆ ಅದರ ಪೊರೆಯಲ್ಲಿರುವ ಅಯಾನು ಬಾಗಿಲುಗಳು ಹೊತ್ತಿಗೆ ಸರಿಯಾಗಿ ತೆರೆದು ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ದಾಟಿಸಬೇಕು. ಆ ಬಾಗಿಲುಗಳ ದಂಡನಾಯಕಿ ಮೇಡಂ, ಅವರೆದುರು ಅವರ ಸಂಶೋಧನಾ ವಿದ್ಯಾರ್ಥಿಗಳಾದ ನಾವು ಕೆಮ್ಮಿದರೂ ರಾಜದ್ರೋಹ. ಹೊಟ್ಟೆ ಕರಗಿಸುವ ಔಷಧ ಕೇಳಲು ಬಂದ ಹುಲಗೇಶ ಮಾಸ್ತರರಿಗೆ, "ನಿಮ್ಮಂಥಾ ಶ್ರೀಮಂತರು ನಮ್ಮ ಗಿರಾಕಿ ಅಲ್ರಿ ಮಾಸ್ತರ" ಎಂದುಬಿಟ್ಟರು. ಗಾಜಿನ ತಟ್ಟೆಯ ಕೋಶಗಳಿಗೆ ಪೋಷಕ ದ್ರವ ಹನಿಸುವಾಗ ಮಾತ್ರ, "ಉಣ್ಣವಾ ಸುಜಾತಾ, ಒಂಚೂರು ಉಣ್ಣು" ಎಂದು ರಮಿಸುತ್ತಾರೆ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮೊನ್ನೆ ಆ ತಟ್ಟೆಯಲ್ಲಿ ಕೊನೆಗೂ ಕೊಬ್ಬಿನ ಹನಿ ಮೂಡಿದಾಗ, ಅದಕ್ಕೆ ತನ್ನ ಕೋಶ ಕೊಟ್ಟಿದ್ದ ಮೇಡಂ ಅವರ ತಂಗಿ ಸುಜಾತಾ ನೋಡಲು ಬಂದಳು. ಹುಟ್ಟಿನಿಂದ ಮೈಯಲ್ಲಿ ಕೊಬ್ಬೇ ನಿಲ್ಲದ, ಗಲ್ಲ ಒಳಸೇರಿದ ಆ ಹುಡುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಿಸಕ್ಕನೆ ನಕ್ಕಳು: "ಅಕ್ಕಾ, ನನಗಿಂತ ಮೊದಲ ಇವು ದಪ್ಪ ಆದ್ವಲ್ಲ!"