ಎಷ್ಟು ದಿನದ ಬುತ್ತಿ ಕಟ್ಟಲಿ

ಗದಗ ಜಿಲ್ಲೆಯಾದ ಹೊಸತರಲ್ಲಿ ನಾನು ಅಲ್ಲಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದೆ. ಮನೆ ಮುಂಡರಗಿಯಲ್ಲಿ, ವಾಸ ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ, ಊಟ ಅಲ್ಲೇ ಒಂದು ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವರು ಗಂಡನನ್ನು ಕಳೆದುಕೊಂಡ, ಐವತ್ತು ದಾಟಿದ ಹೆಂಗಸು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಊಟಕ್ಕೆ ಬರುವುದಿಲ್ಲವಾದರೆ ಮೊದಲೇ ಹೇಳಿ ಹೋಗಬೇಕೆಂಬುದು ಅವರ ಕಾನೂನು. ಹೇಳದೆ ತಪ್ಪಿಸಿದವನಿಗೆ ಮರುದಿನ ರೊಟ್ಟಿಗಿಂತ ಮುಂಚೆ ಬೈಗುಳ ಬಡಿಸುತ್ತಿದ್ದರು. ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ನಮ್ಮ ಪಂಕ್ತಿಯಲ್ಲಿ ಬಂಗಾಳದಿಂದ ಬಂದ ಒಬ್ಬ ಬಂಗಾರದ ಕೆಲಸಗಾರನಿದ್ದ. ಮುಸಲ್ಮಾನ, ಮೂವತ್ತರ ಆಸುಪಾಸು. ಹೆಂಡತಿ, ಮಗಳು ಊರಲ್ಲಿದ್ದರು. ಮೊದಲ ದಿನ ಖಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಎಲೆಯ ಬದಿಗಿಟ್ಟು, ಅನ್ನ ಬರಲೆಂದು ಕೈಕಟ್ಟಿ ಕೂತಿದ್ದ. ನಮ್ಮಲ್ಲಿ ಅನ್ನ ಬರುವುದು ಕೊನೆಗೆ. ಪಾಪ, ಎಲ್ಲರೂ ಉಂಡು ಏಳುವ ಹೊತ್ತಿಗೆ ಅವನ ಊಟ ಶುರುವಾಯಿತು. ಎರಡು ವರ್ಷದಲ್ಲಿ ಅದೇ ಮನುಷ್ಯ ಶೇಂಗಾ ಚಟ್ನಿ ಕಡಿಮೆಯಾಯಿತೆಂದು ಜಗಳ ತೆಗೆಯುವಷ್ಟು ನಮ್ಮವನಾದ.

ಒಂದು ಮಧ್ಯಾಹ್ನ ಅವನು ಬರಲಿಲ್ಲ. ಹೇಳಿಯೂ ಇರಲಿಲ್ಲ. ಅಕ್ಕಾರು ಬೈಗುಳ ಸಿದ್ಧಮಾಡಿಕೊಂಡರು. ಸಂಜೆಗೂ ಬಾರದಿದ್ದಾಗ ಬೈಗುಳ ಮರೆತು ಬಾಗಿಲಿಗೆ ಬಂದು ನಿಂತರು.

"ಹೋಗಿ ನೋಡಿ ಬಾರೋ ತಮ್ಮಾ, ಜ್ವರಾ ಗಿರಾ ಬಂದಾವೇನೋ" ಎಂದು ನನ್ನನ್ನು ಅಟ್ಟಿದರು.

ಅವನು ಕೆಲಸಕ್ಕಿದ್ದ ಬಂಗಾರದಂಗಡಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಪೊಲೀಸರು ಅವನನ್ನು ಕರೆದೊಯ್ದರೆಂದು ಪಕ್ಕದ ಅಂಗಡಿಯವರು ಹೇಳಿದರು. ಮಾಲೀಕ ಲಕ್ಷ್ಮೇಶ್ವರಕ್ಕೆ ಬೀಗರ ಮನೆಗೆ ಹೋದನಂತೆ. ಇವನ ಕೈಗೆಲಸ ತೋರಿಸಿಯೇ ಗಿರಾಕಿ ಹಿಡಿದ ಮನುಷ್ಯನಿಗೆ ಅವತ್ತೇ ಬೀಗರ ನೆನಪಾಗಬೇಕೆ! ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರನ್ನು ಹುಡುಕಿರೆಂದು ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗಳಿಗೆ ಹುಕುಂ ಬಂದಿತ್ತು. ಜಿಲ್ಲೆಯಾದ ಮೇಲೆ ಎಲ್ಲದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತೆಂದು ನಾವು ಬೀಗುತ್ತಿದ್ದೆವು. ದೊಡ್ಡ ಸಾಹೇಬರು ಹತ್ತಿರ ಬಂದರೆ ಅವರ ಹುಕುಮೂ ಜಲ್ದಿ ಮುಟ್ಟುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಹುಕುಂ ಬಂದ ಮೇಲೆ ಯಾರಾದರೂ ಸಿಗಬೇಕಲ್ಲ? ಬಂಗಾಳಿ ಮಾತಾಡುವ ಇವನು ಸಿಕ್ಕ. ಗಡಿಯ ಈಚೆಗೆ ನಮ್ಮ ದೇಶದ ಬಂಗಾಳದಲ್ಲೂ ಅದೇ ಮಾತಿದೆ ಎಂದು ಅಲ್ಲಿ ಹೇಳುವವರಿರಲಿಲ್ಲ. ಅವನ ಮತದಾರರ ಗುರುತಿನ ಚೀಟಿ ಊರಲ್ಲಿ, ಹೆಂಡತಿಯ ಬಳಿ. ಆಚೆ ದೂಡಿಬಿಟ್ಟರೆ ಹೆಂಡತಿ ಮಗಳು ಒಂದು ದೇಶದಲ್ಲಿ, ಅವನು ತಾನು ಕಂಡೇ ಇರದ ಇನ್ನೊಂದು ದೇಶದಲ್ಲಿ. ನಾನು ಓಡುತ್ತ ಖಾನಾವಳಿಗೆ ಬಂದು ಎಲ್ಲ ಹೇಳಿದೆ.

ನಮ್ಮ ಪಂಕ್ತಿಯಲ್ಲೇ ಶಿರಹಟ್ಟಿಯ ಒಬ್ಬ ವಕೀಲರಿದ್ದರು. ಅವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಬಂದರು.

"ಯಾರೂ ಜಗಳಾ ತಗೀಬ್ಯಾಡ್ರಿ, ಸುಳ್ಳನೂ ಹೇಳಬ್ಯಾಡ್ರಿ. ಯಾಕ ಹಿಡದೀರಿ ಅಂತ ಕೇಳೋಣು. ಕೋರ್ಟಿಗೆ ಯಾವಾಗ ಹಾಜರ ಮಾಡ್ತೀರಿ ಅಂತ ಕೇಳೋಣು. ಅವನ ಊರಿಗೆ ಖಬರ ಮುಟ್ಟಸಿ ಚೀಟಿ ತರಸೋಣು."

"ಮದ್ಲ ಉಣಸೋಣು" ಎಂದರು ಅಕ್ಕಾರು.

ಅವನು ಊರಿಗೆ ಮಾತಾಡುತ್ತಿದ್ದ ಎಸ್‌ಟಿಡಿ ಬೂತಿನಲ್ಲಿ ನಂಬರು ಸಿಕ್ಕಿತು. ನಾನು ಹರಕುಮುರುಕು ಹಿಂದಿಯಲ್ಲಿ ಅವನ ಹೆಂಡತಿಗೆ ವಿಷಯ ತಿಳಿಸಿ, ಚೀಟಿಯ ನಕಲು ಕಳಿಸಲು ಹೇಳಿದೆ. ಅಷ್ಟರಲ್ಲಿ ಅಕ್ಕಾರು ವಕೀಲರನ್ನು ಕರೆದುಕೊಂಡು ಡಬ್ಬಿಯೊಂದಿಗೆ ಠಾಣೆ ತಲುಪಿದ್ದರು. ನಾನು ಹೋದಾಗ ಬಾಗಿಲಲ್ಲೇ ವಾದ ನಡೆದಿತ್ತು.

"ಡಬ್ಬಿ ಇಟ್ಟ ಹೋಗ್ರಿ" ಎಂದ ಪೇದೆ.

"ಇಟ್ಟ ಹೋಗಾಕ ನಾ ಏನ್ ನಾಯಿಗಿ ಹಾಕಾಕ ಬಂದೀನೇನೋ ಯಪ್ಪಾ? ಕೈಯಾಗ ಕೊಡತೀನಿ. ಉಂಡ ಮ್ಯಾಲ ಡಬ್ಬಿ ತೊಳಕೊಂಡ ಹೋಗತೀನಿ" ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಪೇದೆ ಸೋತು ಒಳಗೆ ಬಿಟ್ಟ. ಬಂಗಾರದ ಕೆಲಸಗಾರ ಅಳುತ್ತ ಉಂಡ. ಓದಲು ಬಾರದ ಕಾಗದಕ್ಕೆ ಸಹಿ ಮಾಡಬೇಡವೆಂದು ವಕೀಲರು ಅವನ ಕಿವಿಗೆ ಹಾಕಿದರು. ಅವನು ಒಳಗಿದ್ದಾನೆ ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಗಳು ಮೂವರಾದೆವು.

ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಈ ಸಲ ಓಣಿಯ ನೇಕಾರರೂ ಮಸೀದಿಯ ಕಡೆಯ ಹಿರಿಯರೂ ಜೊತೆಗೆ ಬಂದಿದ್ದರು. ಇವನು ಎರಡು ವರ್ಷದಿಂದ ನಮ್ಮ ಕಣ್ಣೆದುರು ದುಡಿದು ಉಣ್ಣುತ್ತಿದ್ದಾನೆ ಎಂದು ಒಬ್ಬೊಬ್ಬರಾಗಿ ಹೇಳಿದರು. ಠಾಣೆಯ ಮುಖ್ಯಸ್ಥರಾದ ಫೌಜದಾರರು ಕೇಳಿಸಿಕೊಂಡು, ಕಡ್ಡಿ ಮುರಿದಂತೆ ಅಂದರು:

"ಆತು ಹೋಗ್ರಿನ್ನ. ಇನ್ನೊಂದು ತಾಸಿಗೆ ಅವನ್ನ ಗಾಡಿ ಹತ್ತಸ್ತೀವಿ."

ಅಕ್ಕಾರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಎಲ್ಲಿ ಮಟಾ ಒಯ್ತೀರಿ ಸಾಹೇಬ್ರ?"

"ನಿಮಗ್ಯಾಕ ಅದು?"

"ಬುತ್ತಿ ಕಟ್ಟಬೇಕಲ್ರಿ. ಎರಡ ದಿನದ ದಾರಿ ಆದ್ರ ಮೆತ್ತನ ರೊಟ್ಟಿ ನಡೀತಾವು. ಎಂಟ ದಿನದ್ದಾದ್ರ ಖಡಕ್ ರೊಟ್ಟಿನ ಬೇಕು. ಎಲ್ಲಿ ಇಳಸ್ತೀರಿ? ಅಲ್ಲಿ ಯಾರ ಕೈಯಾಗ ಕೊಡತೀರಿ? ಅವರು ಉಣ್ಣಾಕ ಹಾಕತಾರೋ ಇಲ್ಲೋ? ಎಷ್ಟ ದಿನದ ಬುತ್ತಿ ಕಟ್ಟಲಿ, ಹೇಳ್ರಲ್ಲ."

ಫೌಜದಾರರು ಮುಂದಿದ್ದ ಹುಕುಮಿನ ಕಾಗದ ತಿರುವಿ ನೋಡಿದರು. ಎಲ್ಲಿಗೆ, ಯಾರಿಗೆ, ಎಷ್ಟು ದಿನ ಎಂಬುದು ಅವರಿಗೂ ಗೊತ್ತಿರಲಿಲ್ಲ. ವಕೀಲರು ಮೆಲ್ಲಗೆ ಹೇಳಿದರು:

"ಅಕ್ಕಾರ ಕೇಳಿದ್ದನ್ನ ನಾನೂ ಕೇಳತೀನ್ರಿ ಸಾಹೇಬ್ರ. ಬರದ ಕೊಡ್ರಿ. ಇಲ್ಲಾ, ಇವತ್ತ ಕೋರ್ಟಿಗೆ ತರ್ರಿ."

ಗೊತ್ತಿಲ್ಲದ್ದನ್ನು ಬರೆದು ಕೊಡುವುದು ಹೇಗೆ? ಫೌಜದಾರರು ಮೇಲಿನವರಿಗೆ ಫೋನು ಹಚ್ಚಿದರು, ಅವರು ಅವರ ಮೇಲಿನವರಿಗೆ. ಇಷ್ಟರಲ್ಲಿ ಅವನನ್ನು ಹತ್ತಿಸಬೇಕಿದ್ದ ರೈಲುಗಾಡಿ ಹೊರಟುಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಹೆಂಡತಿ ಹತ್ತಿರದ ಪೇಟೆಗೆ ಓಡಿ ಚೀಟಿಯ ನಕಲನ್ನು ನಮ್ಮ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಮಾಡಿಸಿದ್ದಳು. ಫೌಜದಾರರನ್ನು ಮೆಚ್ಚಬೇಕು, ಆ ಕಡೆಯ ಠಾಣೆಗೆ ತಾವೇ ಮಾತಾಡಿ ವಿಚಾರಿಸಿದರು. ಖರೆ ಎಂದು ತಿಳಿದ ಮೇಲೆ ಹೊರಳಿ ಮಾತಾಡದೆ ಬಿಟ್ಟು ಕಳಿಸಿದರು.

ಸಂಜೆ ಖಾನಾವಳಿಯಲ್ಲಿ ಅವನಿಗೆ ಮೊದಲ ಎಲೆ. ನಾನು ಅಕ್ಕಾರನ್ನು ಹೊಗಳುವ ಹುಮ್ಮಸ್ಸಿನಲ್ಲಿ ಅಡಿಗೆಮನೆಗೆ ನುಗ್ಗಿ, "ಫೌಜದಾರನ್ನ ಭಾಳ ಛಲೋ ಸಿಗಸಿದ್ರಿ ಅಕ್ಕಾರ! ಬುತ್ತಿ ನೆವಾ ಮಾಡಿ..." ಎಂದೆ.

"ಎಂಥಾ ನೆವಾನೋ?" ಎಂದು ಅವರು ಮೂಲೆಗೆ ಕೈ ತೋರಿಸಿದರು. ಅಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಮೂರು ಗಂಟುಗಳಿದ್ದವು, ಖಡಕ್ ರೊಟ್ಟಿ, ಚಟ್ನಿಪುಡಿ. ದಾರಿ ಎಷ್ಟು ದಿನದ್ದಾದರೂ ಕೆಡದಿರಲೆಂದು ಹಿಂದಿನ ರಾತ್ರಿಯೆಲ್ಲ ಒಲೆಯ ಮುಂದೆ ಕೂತು ಬಡಿದಿದ್ದರು. ಅಂಗೈ ಕೆಂಪಾಗಿತ್ತು. ನಾವೆಲ್ಲ ಅವನು ಬಿಡುಗಡೆಯಾಗಲಿ ಎಂದು ಹಾರೈಸುತ್ತಿದ್ದಾಗ ಈ ಹೆಂಗಸು, ಆಗದಿದ್ದರೂ ಅವನು ಹಸಿಯಬಾರದೆಂದು ಬಡಿಯುತ್ತ ಕೂತಿದ್ದರು.

"ಮತ್ತ ಮೂರು ಯಾಕ್ರಿ, ಅವನೊಬ್ಬಗ?" ಎಂದೆ ಗಂಟು ಎಣಿಸಿ.

"ಸಂಗಡ ಇಬ್ಬರ ಪೊಲೀಸರು ಹೋಗತಿದ್ರಲ್ಲೋ. ಅವರೂ ತಾಯಿ ಮಕ್ಕಳ. ಹಸಗೊಂಡವರ ಕೈಯಾಗ ಇವನ್ನ ಕೊಟ್ಟ ಹೆಂಗ ಕಳಸಲಿ?"